ಪೇಟೆಯ ಕಸುಬುಗಳು ಸತ್ತದ್ದು ಹೇಗೆ?

ಯಂತ್ರ ಬಂತು, ಕಸುಬು ಹೋಯಿತು. ಹಳೆಯ ಬೆಂಗಳೂರಿನ ಬಗ್ಗೆ ಬರೆಯುವವರು ಎಲ್ಲೋ ಒಂದು ಕಡೆ ಈ ಮಾತನ್ನು ಆಡಿಯೇ ಆಡುತ್ತಾರೆ. ಕಲಾಯಿಯವನು, ಜಟಕಾ ಸಾಬಿ, ಭಿಸ್ತಿ, ಪಿಂಜಾರ, ಅಚ್ಚುಕೂಟದ ಕಂಪಾಸಿಟರ್ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಿ, ಎರಡು ನಿಟ್ಟುಸಿರು ಬಿಟ್ಟು ಮುಗಿಸುವುದು ಪರಿಪಾಠ. ಒಂದೊಂದು ಕಸುಬನ್ನೂ ಬಿಡಿಬಿಡಿಯಾಗಿ ಹಿಡಿದು ವಿಚಾರಿಸಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಕೆಲವನ್ನು ಮುಗಿಸಿದ್ದು ನೀರಿನ ಕೊಳಾಯಿ, ಕೆಲವನ್ನು ಅಡುಗೆಮನೆಯ ಪಾತ್ರೆ, ಕೆಲವನ್ನು ಸರ್ಕಾರದ ಒಂದು ಆದೇಶ. ಕೆಲವು ಸತ್ತೇ ಇಲ್ಲ, ಹೆಸರು ಬದಲಿಸಿಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿವೆ. ಎಲ್ಲಕ್ಕಿಂತ ಮೊದಲು ಸಾಯಬೇಕಿದ್ದ ಒಂದು ಕೆಲಸವಂತೂ ವಿದ್ಯುತ್ತು ಬಂದು ಎಂಟು ದಶಕ ಕಳೆದರೂ ಉಸಿರಾಡುತ್ತಲೇ ಇತ್ತು.

ಬೆಂಗಳೂರಿನ ಪೇಟೆ ಹುಟ್ಟಿದ್ದೇ ಕಸುಬುಗಳ ಮೇಲೆ. 16ನೆಯ ಶತಮಾನದಲ್ಲಿ ಕೆಂಪೇಗೌಡ ಕಟ್ಟಿಸಿದ ಕೋಟೆಯ ಆಸುಪಾಸಿನಲ್ಲಿ ಬೆಳೆದ ಕೇರಿಗಳ ಹೆಸರು ನೋಡಿ: ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಅರಳೆಪೇಟೆ, ಬಳೆಪೇಟೆ, ತಿಗಳರಪೇಟೆ. ನೇಯ್ಗೆಯ ದೇವಾಂಗದವರು ಕಬ್ಬನ್‌ಪೇಟೆಯಲ್ಲಿ ಮಗ್ಗ ಹೂಡಿದರು. ಪೇಟೆಯ ಪೂರ್ವ ದಿಕ್ಕಿಗೆ, 19ನೆಯ ಶತಮಾನದ ಆರಂಭದಲ್ಲಿ, ಬ್ರಿಟಿಷರ ದಂಡು ಬಂದು ಬಿಡಾರ ಹೂಡಿತು. ದಂಡಿನ ಸುತ್ತ ಬೇರೊಂದು ಬಗೆಯ ಕೆಲಸಗಾರರ ಲೋಕವೇ ಬೆಳೆಯಿತು: ಬಟ್ಲರ್, ಆಯಾ, ದೋಭಿ, ಭಿಸ್ತಿ, ಕುದುರೆಗೆ ಹುಲ್ಲು ಕೊಯ್ದು ತರುವವರು, ಕಚೇರಿಯಲ್ಲಿ ಸಾಹೇಬನ ತಲೆಯ ಮೇಲೆ ಪಂಖಾ ಎಳೆಯುವವರು. ಪೇಟೆಯ ಕಸುಬು ಜಾತಿಯಿಂದ ಬಂದದ್ದು, ದಂಡಿನ ಕಸುಬು ಸಂಬಳದಿಂದ ಹುಟ್ಟಿದ್ದು. ಈ ಎರಡು ಊರುಗಳು ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಎರಡೂ ಕಡೆಯ ಹಲವು ಕೆಲಸಗಳು ಆಗಲೇ ಕಣ್ಮರೆಯಾಗಿದ್ದವು.

ಮೊದಲು ಹೋದವರಲ್ಲಿ ಬೀದಿದೀಪ ಹಚ್ಚುವವರು ಒಬ್ಬರು. ಸಂಜೆಗೆ ಹೆಗಲ ಮೇಲೆ ಏಣಿ, ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಕಂಬದಿಂದ ಕಂಬಕ್ಕೆ ಹೋಗಿ ಗಾಜು ಒರೆಸಿ, ಬತ್ತಿ ಸರಿಮಾಡಿ, ಎಣ್ಣೆ ತುಂಬಿ ಹಚ್ಚುವುದು ಅವರ ದಿನಚರಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಇಲ್ಲಿ 'ಯಂತ್ರ ಬಂತು' ಎಂಬ ಮಾತು ಪೂರ್ತಿ ಒಪ್ಪುತ್ತದೆ. ಗುಂಡಿ ಒತ್ತಿದರೆ ಬೀದಿಗೆ ಬೀದಿಯೇ ಬೆಳಗುವಾಗ ಏಣಿ ಹೊರುವವನಿಗೆ ಕೆಲಸವೇನು? ಅವನ ಕಥೆ ಅಲ್ಲಿಗೆ ಮುಗಿಯಿತು, ಅದಕ್ಕಾಗಿ ಯಾರೂ ಅತ್ತದ್ದೂ ಕಾಣೆ.

ಭಿಸ್ತಿಯ ಕಥೆ ಅಷ್ಟು ನೇರವಾಗಿಲ್ಲ. ಚರ್ಮದ ಚೀಲವನ್ನು ಸೊಂಟಕ್ಕೆ ಬಿಗಿದು, ಕೆರೆ ಬಾವಿಗಳಿಂದ ನೀರು ತಂದು ಮನೆಮನೆಗೆ ಸುರಿಯುತ್ತಿದ್ದವರು ಇವರು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಊರಿಗೆ ನೀರೂಡುತ್ತಿದ್ದ ಕಾಲ ಅದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ಕೊಳಾಯಿ ಹೋದಲ್ಲೆಲ್ಲ ಭಿಸ್ತಿ ಹಿಂದೆ ಸರಿದ. ಆದರೆ ಊರು ಕೊಳಾಯಿಗಿಂತ ಬೇಗ ಬೆಳೆಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಮಾತು ಟ್ಯಾಂಕರಿನದೇ. ಅದಿರಲಿ, ಇಪ್ಪತ್ತು ಲೀಟರಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ ಹತ್ತುವ ಹುಡುಗ ಮಾಡುತ್ತಿರುವುದು ಯಾವ ಕೆಲಸ? ಚರ್ಮದ ಬದಲು ಪ್ಲಾಸ್ಟಿಕ್ಕು ಬಂದಿದೆ, ಅಷ್ಟೇ. ಅವನನ್ನು ಭಿಸ್ತಿ ಎಂದು ಕರೆಯುವವರಿಲ್ಲದ ಕಾರಣ ಆ ಕಸುಬು ಸತ್ತಿದೆ ಎಂದು ನಾವು ನಂಬಿದ್ದೇವೆ.

ಕಲಾಯಿಯದು ಇನ್ನೊಂದು ಬಗೆ. ಈ ಲೇಖನದಲ್ಲಿ ನನಗೆ ಹೆಚ್ಚು ಪ್ರೀತಿ ಇರುವುದು ಇದರ ಮೇಲೆಯೇ, ಮುಚ್ಚಿಡುವುದೇಕೆ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಏಳುತ್ತದೆ, ಊಟ ವಿಷವಾಗುತ್ತದೆ. ಅದಕ್ಕೆ ಒಳಮೈಗೆ ತವರದ ಲೇಪ ಬೇಕು. ಕಲಾಯಿಯವನು ಬೀದಿಯ ಬದಿಯಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಕೆಂಡ ಮಾಡುತ್ತಿದ್ದ. ಜೊತೆಯ ಹುಡುಗ ಪಾತ್ರೆಯೊಳಗೆ ಮರಳು ಹಾಕಿ, ಹರಕು ಬಟ್ಟೆಯ ಮೇಲೆ ಪಾದ ಊರಿ, ಗೋಡೆ ಹಿಡಿದುಕೊಂಡು ಅತ್ತಿತ್ತ ತಿರುಗುತ್ತ ತಿಕ್ಕುತ್ತಿದ್ದ. ಪಾತ್ರೆ ಕಾದ ಮೇಲೆ ಒಳಕ್ಕೆ ನವಸಾಗರದ ಪುಡಿ ಎರಚಿದರೆ ಭುಸ್ಸೆಂದು ಬಿಳಿ ಹೊಗೆ. ತವರ 232 ಡಿಗ್ರಿಗೇ ಕರಗುವ ಲೋಹ. ಕಡ್ಡಿಯನ್ನು ಕಾದ ಮೈಗೆ ಹೀಗೆ ಮುಟ್ಟಿಸಿ ಹಾಗೆ ತೆಗೆದರೆ ಒಂದು ಹನಿ ಉಳಿಯುತ್ತಿತ್ತು. ಅದನ್ನು ಹತ್ತಿಯ ಉಂಡೆಯಿಂದ ಸರ್ರನೆ ಸುತ್ತಲೂ ಒರೆಸಿದರೆ ಕಪ್ಪು ಪಾತ್ರೆ ಒಂದೇ ಗಳಿಗೆಯಲ್ಲಿ ಬೆಳ್ಳಿಯಾಗುತ್ತಿತ್ತು. ಕೊನೆಗೆ ತಣ್ಣೀರಿನಲ್ಲಿ ಅದ್ದಿದರೆ ಚೊರ್ರೆಂಬ ಸದ್ದು. ಬಿಸಿ ಹೆಚ್ಚಾದರೆ ತವರ ಹಳದಿಗಟ್ಟುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಬಿಸಿಯ ಹದ ತಿಳಿಯಲು ಕಣ್ಣು ಮೂಗು ಬಿಟ್ಟರೆ ಬೇರೆ ಮಾಪಕ ಇರಲಿಲ್ಲ.

ಇವನನ್ನು ಯಾವ ಯಂತ್ರವೂ ಕೆಲಸದಿಂದ ಓಡಿಸಲಿಲ್ಲ. ಅವನು ಮಾಡುತ್ತಿದ್ದ ಕೆಲಸವನ್ನು ಮಾಡುವ ಯಂತ್ರ ನಮ್ಮ ಬೀದಿಗೆ ಬರಲೇ ಇಲ್ಲ. ಬಂದದ್ದು ಸ್ಟೀಲು. 1970ರ, 80ರ ದಶಕಗಳಲ್ಲಿ ಸ್ಟೀಲ್ ಪಾತ್ರೆ ಮಧ್ಯಮ ವರ್ಗದ ಅಡುಗೆಮನೆಗೆ ನುಗ್ಗಿತು. ಹಳೆಯ ಜರಿ ಸೀರೆ, ಹಳೆಯ ಹಿತ್ತಾಳೆ ಕೊಟ್ಟು ಹೊಸ ಡಬ್ಬ ಕೊಳ್ಳುವ ಚೌಕಾಸಿ ಮನೆಮನೆಯ ಜಗಲಿಯಲ್ಲಿ ನಡೆಯಿತು. ಆ ತೀರ್ಮಾನ ಮಾಡಿದವರು ಹೆಂಗಸರು, ಅವರು ಮಾಡಿದ್ದು ಸರಿಯೇ. ಹುಣಸೆಹಣ್ಣು, ಬೂದಿ ಹಾಕಿ ದಿನವೂ ಹಿತ್ತಾಳೆ ತಿಕ್ಕಿದ ಕೈಗಳಿಗೆ ಸ್ಟೀಲು ಬಿಡುಗಡೆಯಂತೆ ಕಂಡಿದ್ದರೆ ಅದನ್ನು ಸಂಸ್ಕೃತಿಯ ನಷ್ಟ ಎನ್ನಲು ನಾವು ಯಾರು? ಈಗ ಹಿತ್ತಾಳೆ ಪಾತ್ರೆ ಆರೋಗ್ಯದ ಹೆಸರಿನಲ್ಲಿ ಅಂಗಡಿಗೆ ಮರಳಿದೆ. ಕಲಾಯಿಯನ್ನು ಮುಂಚೆಯೇ ಹಾಕಿಸಿ ಮಾರುತ್ತಾರೆ. ಒಂದೆರಡು ವರ್ಷಕ್ಕೆ ಅದು ಸವೆದಾಗ ಮರುಕಲಾಯಿಗೆ ಎಲ್ಲಿ ಹೋಗುವುದೆಂದು ಕೊಂಡವರಿಗೆ ಹೊಳೆದಿರುವುದಿಲ್ಲ.

ಪಿಂಜಾರರ ಹಣೆಬರಹವೂ ಹೀಗೆಯೇ. ದೊಡ್ಡ ಬಿಲ್ಲಿನ ನರವನ್ನು ಮರದ ಕೊಡತಿಯಿಂದ ಮೀಟಿ, ಗಂಟುಕಟ್ಟಿದ ಹತ್ತಿಯನ್ನು ಬಿಡಿಸಿ ಹಿಂಜುವ ಇವರನ್ನು ನದಾಫರೆಂದೂ ಕರೆಯುತ್ತಾರೆ. ಹತ್ತಿಯ ಹಾಸಿಗೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಬೇಕು. ನಾರಿನ, ಫೋಮಿನ ಹಾಸಿಗೆಯನ್ನು ಹಿಂಜಿಸುವಂತಿಲ್ಲ, ಹಾಳಾದರೆ ಎಸೆಯಬೇಕು. ದುರಸ್ತಿಯನ್ನೇ ನಂಬಿದ್ದ ಕಸುಬುಗಳೆಲ್ಲ ಹೀಗೆ ಎಸೆಯುವ ವಸ್ತುಗಳ ಕೆಳಗೆ ಸಿಕ್ಕಿಕೊಂಡವು. ಕೊಡೆ ರಿಪೇರಿ, ಪೆನ್ನು ರಿಪೇರಿ, ಸ್ಟೌ ರಿಪೇರಿಯವರ ಬಗ್ಗೆ ಬೇರೆ ಹೇಳಬೇಕಿಲ್ಲ.

ಜಟಕಾದವನು ಹೋದಾಗ ಒಬ್ಬನೇ ಹೋಗಲಿಲ್ಲ. ಕುದುರೆಗೆ ಲಾಳ ಬಡಿಯುವವನು, ಹುರುಳಿ ಮಾರುವವನು, ಹುಲ್ಲಿನ ಹೊರೆ ತರುವ ಹೆಂಗಸು, ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುವವನು, ಗಾಡಿಗೆ ಬಣ್ಣ ಬಳಿಯುವವನು, ಇಷ್ಟು ಜನರ ಅನ್ನ ಒಂದು ಕುದುರೆಯ ಬೆನ್ನ ಮೇಲೆ ಕೂತಿತ್ತು. 1950ರ ದಶಕದಿಂದ ಆಟೋರಿಕ್ಷಾ ಬೆಂಗಳೂರಿನ ಬೀದಿಗಿಳಿದ ಮೇಲೆ ಜಟಕಾ ಹೊಡೆಯುವವನಿಗೆ ಆಟೋ ಹಿಡಿಯುವ ದಾರಿಯಾದರೂ ಇತ್ತು. ಲಾಳದವನಿಗೆ ಆಟೋದಲ್ಲಿ ಕೆಲಸವಿರಲಿಲ್ಲ. ಮೈಸೂರಿನಲ್ಲಿ ಟಾಂಗಾ ಪ್ರವಾಸಿಗರ ದಯೆಯಿಂದ ಇನ್ನೂ ಉಳಿದಿದೆ. ಡಿ.ವಿ.ಜಿ. ಬದುಕನ್ನು ಜಟಕಾ ಬಂಡಿಗೆ ಹೋಲಿಸಿದ ಪದ್ಯವನ್ನು ಇವತ್ತು ಶಾಲೆಯ ಮಕ್ಕಳು ಕಂಠಪಾಠ ಒಪ್ಪಿಸುತ್ತಾರೆ, ಬಹುಪಾಲು ಮಕ್ಕಳು ಜಟಕಾ ಕಂಡವರಲ್ಲ.

ಅಚ್ಚುಕೂಟದ ಕಂಪಾಸಿಟರ್‌ಗಳ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕಿತ್ತು, ಏಕೆಂದರೆ ನಮ್ಮ ಸಾಹಿತ್ಯ ಅವರ ಬೆರಳಿನಿಂದಲೇ ಹೊರಬಂದದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಅಲ್ಲಿ ಮೊದಲು ಕಲ್ಲಚ್ಚು, ಆಮೇಲೆ ಅಚ್ಚುಮೊಳೆ. ಬೆಂಗಳೂರಿನ ಅವೆನ್ಯೂ ರಸ್ತೆ, ಬಳೆಪೇಟೆ, ಚಿಕ್ಕಪೇಟೆಗಳ ಸಂದಿಗಳಲ್ಲಿ ಮುಂದೆ ಲೆಕ್ಕವಿಲ್ಲದಷ್ಟು ಪ್ರೆಸ್ಸುಗಳು ತಲೆಯೆತ್ತಿದವು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅದರ ದೊಡ್ಡದು ಚಿಕ್ಕದು, ಅಂಕಿ, ಚಿಹ್ನೆ ಸೇರಿದರೆ ಮೊಳೆ ಇಡುವ ಕೇಸು ತುಂಬಿತು. ಕನ್ನಡಕ್ಕೆ ಹಾಗಲ್ಲ. ತಲೆಕಟ್ಟು ಇರುವ 'ಕ' ಬೇರೆ, ಗುಡಿಸಿದ 'ಕಿ' ಬೇರೆ, ಅದರ ಕೆಳಗೆ ತೂಗುವ ಒತ್ತು ಬೇರೆ. ನೂರಾರು ಮನೆಗಳ ಕೇಸಿನ ಮುಂದೆ ದಿನವಿಡೀ ನಿಂತು, ಎಡಗೈಯ ಸ್ಟಿಕ್ಕಿಗೆ ಬಲಗೈಯಿಂದ ಒಂದೊಂದೇ ಮೊಳೆ ಹೆಕ್ಕಿ ಹಾಕಬೇಕು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಗ್ಯಾಲಿಯಲ್ಲಿ ಕರಡಚ್ಚು ತೆಗೆದು, ತಿದ್ದಿ, ಪುಟ ಕಟ್ಟಿ, ಫಾರಂ ಬಿಗಿದು ಮಿಷಿನ್ನಿಗೆ ಕೊಟ್ಟು, ಅಚ್ಚಾದ ಮೇಲೆ ಮತ್ತೆ ಮೊಳೆಗಳನ್ನು ಬಿಚ್ಚಿ ಅವುಗಳ ಮನೆಗೇ ಸೇರಿಸಬೇಕು. ಆ ಕೊನೆಯ ಕೆಲಸ ಓದುಗನ ಕಣ್ಣಿಗೆ ಎಂದೂ ಬೀಳುವುದಿಲ್ಲ. ದೊಡ್ಡ ಲೇಖಕರ ಕೋಳಿಕಾಲಿನ ಅಕ್ಷರ ಓದಿ, ಅವರ ಕಾಗುಣಿತ ತಪ್ಪನ್ನು ಮೌನವಾಗಿ ತಿದ್ದಿದವರು ಇವರು. ಕೆಲವರು ಶಾಲೆಯನ್ನು ನೆಟ್ಟಗೆ ಮುಗಿಸಿದವರಲ್ಲ. ಸೀಸದ ಧೂಳು ಶ್ವಾಸಕೋಶ ಸೇರುತ್ತಿತ್ತು, ಮಂದ ಬೆಳಕು ಕಣ್ಣು ತಿನ್ನುತ್ತಿತ್ತು.

1980ರ ದಶಕದ ಕೊನೆಗೆ ಕಂಪ್ಯೂಟರಿನ ಡಿ.ಟಿ.ಪಿ. ಬಂದು ಇಡೀ ಕೇಸನ್ನೇ ಅನಗತ್ಯ ಮಾಡಿತು. ಕೆಲವರು ಕೀಲಿಮಣೆ ಕಲಿತು ಮುಂದುವರಿದರು. ವಯಸ್ಸಾದವರು ಬೈಂಡಿಂಗಿಗೋ ಪ್ರೂಫಿಗೋ ಹೋದರು. ಮೊಳೆಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಇಲ್ಲಿ ನಿಜವಾಗಿಯೂ ಯಂತ್ರ ಮನುಷ್ಯನ ಜಾಗಕ್ಕೆ ಬಂತು, ಒಪ್ಪುತ್ತೇನೆ. ಆದರೆ ಅದು ಅವನ ಶ್ವಾಸಕೋಶವನ್ನೂ ಉಳಿಸಿತು.

ಸಿನಿಮಾ ಬ್ಯಾನರ್ ಬರೆಯುವವರಿಗೆ ಅಷ್ಟು ಸಮಾಧಾನವೂ ಇಲ್ಲ. ಕೆಂಪೇಗೌಡ ರಸ್ತೆ, ಗಾಂಧಿನಗರದ ಚಿತ್ರಮಂದಿರಗಳ ಎದುರು ಎತ್ತರದ ಕಟೌಟ್ ನಿಲ್ಲಿಸಿ, ನಾಯಕನ ಮುಖದ ಒಂದು ಪಕ್ಕಕ್ಕೆ ಕೆಂಪು, ಇನ್ನೊಂದು ಪಕ್ಕಕ್ಕೆ ನೀಲಿ ಬಳಿದವರನ್ನು ಫ್ಲೆಕ್ಸು ಕೆಲವೇ ವರ್ಷಗಳಲ್ಲಿ ಮನೆಗೆ ಕಳಿಸಿತು. 2018ರಲ್ಲಿ ಹೈಕೋರ್ಟಿನ ಖಡಕ್ ಮಾತಿಗೆ ಹೆದರಿ ಪಾಲಿಕೆ ಫ್ಲೆಕ್ಸನ್ನೇ ನಿಷೇಧಿಸಿತು. ಕುಂಚದವರು ಮರಳಿ ಬರಲಿಲ್ಲ. ಅಷ್ಟರಲ್ಲಿ ಕಪಾಲಿಯಂಥ ಚಿತ್ರಮಂದಿರಗಳೇ ನೆಲಸಮವಾಗಿದ್ದವು. ಒಮ್ಮೆ ಮುರಿದ ಕಸುಬಿನ ಸರಪಳಿಯನ್ನು ಒಂದು ನಿಷೇಧಾಜ್ಞೆಯಿಂದ ಬೆಸೆಯಲಾಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಸರ್ಕಾರವೇ ಮುಗಿಸಿದ ಕೆಲಸಗಳೂ ಉಂಟು. ಭಾರತದಲ್ಲಿ ತಂತಿ ಸೇವೆ ಕೊನೆಗೊಂಡದ್ದು 2013ರ ಜುಲೈಯಲ್ಲಿ. ಬಾಗಿಲು ತಟ್ಟಿ 'ತಾರ್' ಎಂದರೆ ಸಾಕು, ಓದುವ ಮೊದಲೇ ಮನೆಯವರು ಅಳುತ್ತಿದ್ದ ಕಾಲ ಅದಕ್ಕೆ ಎಷ್ಟೋ ಮೊದಲೇ ಮುಗಿದಿತ್ತು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಹೊರಬಿದ್ದ ಮೇಲೆ ನಮ್ಮ ರಾಜ್ಯದಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟಾಂಪು ಬಂತು. ಕಚೇರಿಗಳ ಮುಂದೆ ಕೂರುತ್ತಿದ್ದ ಸ್ಟಾಂಪ್ ವೆಂಡರ್‌ಗಳು ಯಾರೋ ಮಾಡಿದ ತಪ್ಪಿಗೆ ಜೀವನ ಕಳೆದುಕೊಂಡರು. ಪಕ್ಕದಲ್ಲೇ ಟೈಪ್‌ರೈಟರ್ ಇಟ್ಟುಕೊಂಡಿದ್ದವರು ಇನ್ನೂ ಒಂದಿಷ್ಟು ಕಡೆ ಉಳಿದಿದ್ದಾರೆ, ಗೋದ್ರೆಜ್ ಕಂಪನಿ ಟೈಪ್‌ರೈಟರ್ ತಯಾರಿಕೆಯನ್ನು ನಿಲ್ಲಿಸಿ ವರ್ಷಗಳಾದರೂ. ಅರ್ಜಿ ಬರೆಯಬಲ್ಲವರಿಗೆ ಸರ್ಕಾರವೇ ಕೆಲಸ ಒದಗಿಸುತ್ತಿರುತ್ತದೆ.

ಇಲ್ಲಿ ಒಂದು ಭೇದ ಗಮನಿಸಬೇಕು, ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇದೇ. ತಂತಿ ಇಲಾಖೆಯ ನೌಕರರಿಗೆ ಸೇವೆ ನಿಂತ ಮರುದಿನವೂ ಸಂಬಳ ಇತ್ತು, ಬಿ.ಎಸ್.ಎನ್.ಎಲ್. ಅವರನ್ನು ಬೇರೆ ಕೆಲಸಕ್ಕೆ ಹಾಕಿತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ಕಾರ್ಮಿಕರಿಗೆ ಸ್ವಯಂನಿವೃತ್ತಿಯ ಹಣ, ಭವಿಷ್ಯನಿಧಿ, ಯೂನಿಯನ್ನಿನ ಬೆನ್ನು ಇದ್ದವು. ದುಃಖ ಆಯಿತು, ಬೀದಿಪಾಲಾಗಲಿಲ್ಲ. ಕಲಾಯಿಯವನಿಗೆ, ಪಿಂಜಾರನಿಗೆ, ಲಾಳದವನಿಗೆ ಯಾರೂ ನೇಮಕಾತಿ ಪತ್ರ ಕೊಟ್ಟಿರಲಿಲ್ಲ. ಅವರ ಕೆಲಸ ಯಾವ ದಿನ ಹೋಯಿತೆಂದು ಹೇಳುವುದಕ್ಕೂ ಆಧಾರವಿಲ್ಲ. ದಿನಕ್ಕೆ ಹತ್ತು ಪಾತ್ರೆ ಎಂಟಾಯಿತು, ಐದಾಯಿತು, ಆಮೇಲೆ ಅವನು ಆ ಬೀದಿಗೆ ಬರುವುದನ್ನು ಬಿಟ್ಟ. ಕಸುಬು ಸಾಯುವುದು ಅನಿವಾರ್ಯವಿರಬಹುದು. ಕಸುಬಿನವನು ಬರಿಗೈಯಲ್ಲಿ ಹೋಗಬೇಕಾದದ್ದು ಅನಿವಾರ್ಯವಾಗಿರಲಿಲ್ಲ.

ಈಗ, ಎಲ್ಲಕ್ಕಿಂತ ಮೊದಲು ಸಾಯಬೇಕಿದ್ದ ಆ ಕೆಲಸದ ಮಾತು. ಮಲ ಹೊರುವುದು ಹಳ್ಳಿಯ ಕಸುಬೇನಲ್ಲ, ಅದನ್ನು ಸಂಬಳದ ಕೆಲಸ ಮಾಡಿ ದೊಡ್ಡದಾಗಿ ಬೆಳೆಸಿದ್ದು ಊರುಗಳ ಪುರಸಭೆಗಳು. ಬಕೀಟಿನ ಪಾಯಖಾನೆ, ಅದರ ಹಿಂದೆ ಸಣ್ಣ ಬಾಗಿಲು, ನಸುಕಿನಲ್ಲಿ ಬಂದು ಬಳಿದು ತಲೆಯ ಮೇಲೆ ಹೊತ್ತೊಯ್ಯುವ ಜನ. ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಬಂತು. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ನೆಲೆಯಿಂದ ಎಬ್ಬಿಸಲು ಹೊರಟಾಗ, ಈ ಕೆಲಸ ಮಾಡುತ್ತಿದ್ದ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಸುದ್ದಿ ಓದಿದ ರಾಜ್ಯ ಬೆಚ್ಚಿತು, ಅಂಥ ಕೆಲಸ ಇನ್ನೂ ಇದೆಯೇ ಎಂದು ಕೇಳಿತು.

ಇದೆ. ಶಿವನಸಮುದ್ರದ ವಿದ್ಯುತ್ತು ಎಲ್ಲರಿಗಿಂತ ಮೊದಲು ತಲುಪಿದ ಊರು ಕೋಲಾರದ ಚಿನ್ನದ ಗಣಿ ಎಂದೆನಲ್ಲ, ಅದೇ ಕೆ.ಜಿ.ಎಫ್.ನಲ್ಲಿ 1980ರ ದಶಕದಲ್ಲೂ ಕೈಯಿಂದ ಬಳಿಯುವ ಒಣ ಪಾಯಖಾನೆಗಳು ಇದ್ದವು. ಅಲ್ಲಿ ಆ ಕೆಲಸ ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದನಿಯೆತ್ತಿ, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಸಾವಿರಾರು ಅಡಿ ಆಳದ ಗಣಿಗೆ ವಿದ್ಯುತ್ತು ತರುವ ಬುದ್ಧಿ ಇದ್ದ ಊರಿಗೆ ಪಾಯಖಾನೆಗೆ ನೀರು ಬಿಡುವ ಬುದ್ಧಿ ಇರಲಿಲ್ಲವೇ? ಇತ್ತು. ಬಳಿಯುವ ಕೈ ಅಗ್ಗವಾಗಿ ಸಿಗುತ್ತಿತ್ತು, ಅಷ್ಟೇ. ಮ್ಯಾನ್‌ಹೋಲಿಗೆ ಇಳಿದು ಸಾಯುವವರ ಸುದ್ದಿ ಇಂದಿಗೂ ಬರುತ್ತದೆ. ಅಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರ ಬಂದರೆ ಕಸುಬು ಹೋಗುತ್ತದೆ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಈ ಎಲ್ಲ ಕಸುಬುಗಳ ವಿಷಯದಲ್ಲಿ ನಮಗೆ ಇರುವ ಬರವಣಿಗೆ ಎಂಥದ್ದು? ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಕಸುಬನ್ನು ಜಾತಿಯ ಒಂದು ಲಕ್ಷಣವೆಂದು ದಾಖಲಿಸಿವೆ. ಕೂಲಿ ಎಷ್ಟು, ಸಾಲ ಎಷ್ಟು ಎಂಬುದು ಅವುಗಳ ಪ್ರಶ್ನೆಯಲ್ಲ. ಜಾನಕಿ ನಾಯರ್ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ, ಆಮೇಲೆ ಬೆಂಗಳೂರಿನ ಬಗ್ಗೆ ಬರೆದ ಪುಸ್ತಕಗಳು ಆ ಪ್ರಶ್ನೆಗಳನ್ನು ಎತ್ತಿದವು. ನಮ್ಮ ನೆನಪಿನ ಬರಹಗಳಲ್ಲಿ ಕಲಾಯಿಯವನು, ಬಳೆಗಾರ ಧಾರಾಳವಾಗಿ ಬರುತ್ತಾರೆ, ಆದರೆ ಬೀದಿಯಲ್ಲಿ ಕೂಗಿಕೊಂಡು ಹೋಗುವವರಾಗಿ ಮಾತ್ರ. ಹೇಳುವವನು ಯಾವಾಗಲೂ ಗಿರಾಕಿಯ ಮನೆಯ ಮಗ. ಕಲಾಯಿಯವನ ಮಗ ಬರೆದ ನೆನಪು ನನ್ನ ಕಣ್ಣಿಗೆ ಬಿದ್ದಿಲ್ಲ.

ಹೆಂಗಸರದಂತೂ ಇನ್ನೂ ಬಡಪಾಯಿ ಸ್ಥಿತಿ. ಮನೆಮನೆಗೆ ಹೋಗಿ ಭತ್ತ ಕುಟ್ಟುವವರು, ಹಿಟ್ಟು ಬೀಸುವವರು, ಬೀಸುವ ಕಲ್ಲಿಗೆ ಉಳಿ ಹೊಡೆದು ಒರಟು ಮಾಡಿಕೊಡುವವರು, ಹಚ್ಚೆ ಹಾಕುವವರು, ಸೂಲಗಿತ್ತಿಯರು. ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ ಬಂದಾಗ ಊರಿನ ಎಷ್ಟು ಹೆಂಗಸರ ಕೂಲಿ ಹೋಯಿತೆಂಬುದು ಯಾರ ಹಳೆಯ ನೆನಪಿನಲ್ಲೂ ಇಲ್ಲ, ಏಕೆಂದರೆ ಅದನ್ನು ಕಸುಬೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಅಪವಾದ. ಅದೂ ಆ ತಾಯಿ ತೊಂಬತ್ತು ದಾಟಿದ ಮೇಲೆ.

ಸರ್ಕಾರದ ನೆನಪೂ ಹೀಗೆಯೇ ತೂತುಬಿದ್ದದ್ದು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಶುರುಮಾಡಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಹೂವು ಕಟ್ಟುವವರು, ದೋಣಿ ಮಾಡುವವರು, ಬೀಗ ಮಾಡುವವರು ಸಹ ಇದ್ದಾರೆ. ಕಲಾಯಿಯವನಿಲ್ಲ, ಪಿಂಜಾರನಿಲ್ಲ, ಸಾಣೆ ಹಿಡಿಯುವವನಿಲ್ಲ, ಬೋರ್ಡು ಬರೆಯುವ ಪೇಂಟರ್ ಇಲ್ಲ. ಅತ್ತ ಇವತ್ತಿನ ಹೊಸ ಕಸುಬಿನವರಿಗಾಗಿ, ಮೊಬೈಲ್ ಆ್ಯಪ್ ನೋಡಿ ಊಟ ಸಾಗಿಸುವವರಿಗಾಗಿ, ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಒಳ್ಳೆಯ ಕೆಲಸ. ಜಟಕಾದವನಿಗೆ ಇಂಥದ್ದೊಂದು ಇದ್ದಿದ್ದರೆ ಎಂದು ಅನಿಸದೆ ಇರಲಿಲ್ಲ. ಬೈಕಿನ ಮೇಲೆ ಊಟದ ಚೀಲ ಹೊತ್ತ ಈ ಹುಡುಗರ ಕೆಲಸವೂ ಇನ್ನು ಇಪ್ಪತ್ತು ವರ್ಷಕ್ಕೆ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಕಾಯ್ದೆ ಹೇಳುವ ಕಲ್ಯಾಣನಿಧಿ ಅವರ ಕೈಗೆ ನಿಜವಾಗಿ ಸಿಗುತ್ತದೆಯೋ ಎಂಬುದೇ ಅಳತೆಗೋಲು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಮೊಳೆ ಜೋಡಿಸಿದವರು, ಬ್ಯಾನರ್ ಬರೆದವರು, ಹತ್ತಿ ಹಿಂಜಿದವರು, ಭತ್ತ ಕುಟ್ಟಿದವರು ಇದ್ದರೆ ಹೋಗಿ ಮಾತಾಡಿಸಿ, ಬರೆದಿಟ್ಟುಕೊಳ್ಳಿ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎಂದು ಕೇಳಬೇಡಿ. ದಿನಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು, ಕೆಲಸ ಕಲಿಸಿದವರು ಯಾರು, ಮೈಯ ಯಾವ ಭಾಗ ಈಗ ನೋಯುತ್ತದೆ, ಕೆಲಸ ನಿಂತ ಮೇಲೆ ಮನೆ ಹೇಗೆ ನಡೆಯಿತು, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಕೇಳಿ. ಬರೆದದ್ದನ್ನು ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ.